ಬಾಜಿಯ ನೂರು ರೂಪಾಯಿ: ಯಾರ ಪಾಲಿಗೆ ಎಷ್ಟು?

ಕುದುರೆ ಮಾಲೀಕರ ಲೆಕ್ಕಪತ್ರ ನೋಡಿಕೊಳ್ಳುವ ತೆರಿಗೆ ಸಲಹೆಗಾರನಿಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಯೊಂದಿದೆ. ರೇಸಿನ ಬಾಜಿಯ ಮೇಲೆ ಸರ್ಕಾರ ಇಷ್ಟೊಂದು ತೆರಿಗೆ ವಸೂಲು ಮಾಡುತ್ತದಲ್ಲ, ಅದರಲ್ಲಿ ಕುದುರೆಗೆ, ಕುದುರೆಯನ್ನು ಸಾಕುವವರಿಗೆ ಎಷ್ಟು ಮರಳುತ್ತದೆ? ಕಾನೂನಿನ ಪುಸ್ತಕ ತೆರೆದು ನೋಡಿದರೆ ಸಿಗುವ ಉತ್ತರ ಚಿಕ್ಕದು: ಒಂದು ಪೈಸೆಯೂ ಇಲ್ಲ. ಕರ್ನಾಟಕದ ಯಾವ ಶಾಸನವೂ ಬಾಜಿಯ ತೆರಿಗೆಯಿಂದ ಇಂತಿಷ್ಟು ಭಾಗ ಬಹುಮಾನಕ್ಕೆ, ಇಂತಿಷ್ಟು ಭಾಗ ತಳಿ ಸಂವರ್ಧನೆಗೆ, ಇಂತಿಷ್ಟು ಭಾಗ ಲಾಯದ ಕೆಲಸಗಾರರಿಗೆ ಎಂದು ಬರೆದಿಟ್ಟಿಲ್ಲ. ಆದರೂ ಹಣ ಹಂಚಿಕೆಯಾಗುತ್ತಲೇ ಇರುತ್ತದೆ. ತೆರಿಗೆಯನ್ನು ಯಾವ ಮೊತ್ತದ ಮೇಲೆ ಲೆಕ್ಕ ಹಾಕಬೇಕು ಎಂದು ಹೇಳುವ ಒಂದು ನಿಯಮವೇ ಆ ಹಂಚಿಕೆಯನ್ನು ತೀರ್ಮಾನಿಸುತ್ತಿದೆ ಎಂಬುದನ್ನು ಇಲ್ಲಿ ವಿವರಿಸಲು ಬಯಸುತ್ತೇನೆ.

ಮೊದಲು ಹಿನ್ನೆಲೆ. ರಾಜ್ಯದಲ್ಲಿ ಎರಡು ರೇಸ್‌ಕೋರ್ಸ್‌ಗಳಿವೆ, ಒಂದು ಬೆಂಗಳೂರಿನಲ್ಲಿ, ಇನ್ನೊಂದು ಮೈಸೂರಿನಲ್ಲಿ. ಇವುಗಳ ಮೇಲೆ ರಾಜ್ಯಕ್ಕಿದ್ದ ಅಧಿಕಾರ ಎರಡು ಹಳೆಯ ಕಾಯ್ದೆಗಳಿಂದ ಬಂದದ್ದು. ಮಹಾರಾಜರ ಆಡಳಿತದ ಕಾಲದ 1932ರ ಮೈಸೂರು ಬೆಟ್ಟಿಂಗ್ ತೆರಿಗೆ ಕಾಯ್ದೆ ಟೋಟಲೈಸೇಟರ್‌ಗೆ (ಬಾಜಿಯ ಹಣವನ್ನೆಲ್ಲ ಕೂಡಿಸಿ ಗೆದ್ದವರಿಗೆ ಹಂಚುವ ವ್ಯವಸ್ಥೆ) ಬಂದ ಹಣದ ಮೇಲೂ ಬುಕ್‌ಮೇಕರ್ (ತನ್ನದೇ ಹೊಣೆಯಲ್ಲಿ ಬಾಜಿ ಸ್ವೀಕರಿಸುವವನು) ಬಳಿ ಕಟ್ಟಿದ ಬಾಜಿಯ ಮೇಲೂ ತೆರಿಗೆ ಹಾಕುವ ಅಧಿಕಾರ ಕೊಟ್ಟಿತ್ತು. 1952ರ ಮೈಸೂರು ರೇಸ್‌ಕೋರ್ಸ್ ಪರವಾನಗಿ ಕಾಯ್ದೆಯ ಪ್ರಕಾರ ಸರ್ಕಾರದ ಪರವಾನಗಿ ಇಲ್ಲದೆ ರೇಸ್ ನಡೆಸುವಂತಿಲ್ಲ. ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ 34ನೇ ನಮೂದು ಬಾಜಿ ಮತ್ತು ಜೂಜಿನ ನಿಯಂತ್ರಣವನ್ನು ರಾಜ್ಯಗಳಿಗೆ ವಹಿಸಿತ್ತು, 62ನೇ ನಮೂದು ಅವುಗಳ ಮೇಲಿನ ತೆರಿಗೆಯನ್ನೂ ವಹಿಸಿತ್ತು. ನಿಯಂತ್ರಣ ಮತ್ತು ತೆರಿಗೆ ಎರಡೂ ಒಂದೇ ಕೈಯಲ್ಲಿ ಇದ್ದವು. ತೆರಿಗೆ ಭಾರವಾಗಿ ರೇಸ್ ಸೊರಗಿದರೆ ದರ ಇಳಿಸುವ ಅಧಿಕಾರ ವಿಧಾನಸೌಧದಲ್ಲೇ ಇತ್ತು. ಮಾಲೀಕರ, ತರಬೇತುದಾರರ ಸಂಘಗಳು ಮನವಿ ಹಿಡಿದು ಹೋಗಬೇಕಾದ ಬಾಗಿಲೂ ಅದೊಂದೇ.

2016ರ 101ನೇ ಸಂವಿಧಾನ ತಿದ್ದುಪಡಿ ಈ ಜೋಡಿಯನ್ನು ಬೇರ್ಪಡಿಸಿತು. 34ನೇ ನಮೂದು ಹಾಗೆಯೇ ಉಳಿಯಿತು, 62ನೇ ನಮೂದಿನಿಂದ ಬಾಜಿ ಮತ್ತು ಜೂಜಿನ ತೆರಿಗೆ ಹೊರಬಿತ್ತು. 2017ರ ಜುಲೈ 1ರಿಂದ ಬಾಜಿ ಜಿಎಸ್‌ಟಿಯ ವ್ಯಾಪ್ತಿಗೆ ಬಂದು ಶೇ 28ರ ದರ ಜಾರಿಯಾಯಿತು. ರೇಸ್ ನಡೆಯಬೇಕೋ ಬೇಡವೋ ಎಂಬುದನ್ನು ಇಂದಿಗೂ ರಾಜ್ಯ ಸರ್ಕಾರವೇ ತೀರ್ಮಾನಿಸುತ್ತದೆ. 2024ರಲ್ಲಿ ಬೆಂಗಳೂರಿನ ರೇಸ್‌ಗಳಿಗೆ ಪರವಾನಗಿ ನಿರಾಕರಿಸಿದಾಗ ವಿವಾದ ಹೈಕೋರ್ಟಿನ ಏಕಸದಸ್ಯ ಪೀಠಕ್ಕೂ ಬಳಿಕ ವಿಭಾಗೀಯ ಪೀಠಕ್ಕೂ ಹೋದದ್ದನ್ನು ಓದುಗರು ಬಲ್ಲರು. ತೆರಿಗೆಯ ದರ ಮಾತ್ರ ದೆಹಲಿಯ ಜಿಎಸ್‌ಟಿ ಮಂಡಳಿಯಲ್ಲಿ ನಿಗದಿಯಾಗುತ್ತದೆ, ಅಲ್ಲಿ ಕರ್ನಾಟಕ ಅನೇಕ ಸದಸ್ಯರಲ್ಲಿ ಒಂದು.

ಈಗ ನಿಯಮದ ವಿಷಯಕ್ಕೆ ಬರುತ್ತೇನೆ. ಟೋಟ್‌ನಲ್ಲಿ, ಅಂದರೆ ಟೋಟಲೈಸೇಟರ್‌ನಲ್ಲಿ, ಬಾಜಿ ಕಟ್ಟಿದವರ ಹಣವೆಲ್ಲ ಒಂದೆಡೆ ಸೇರುತ್ತದೆ. ರೇಸ್ ನಡೆಸುವ ಕ್ಲಬ್ಬು ಅದರಿಂದ ತನ್ನ ಕಮಿಷನ್ ಹಿಡಿದುಕೊಂಡು, ಉಳಿದದ್ದನ್ನು ಗೆದ್ದವರಿಗೆ ಹಂಚುತ್ತದೆ. ಯಾವ ಕುದುರೆ ಗೆದ್ದರೂ ಕ್ಲಬ್ಬಿಗೆ ಸಿಗುವುದು ಕಮಿಷನ್ ಮಾತ್ರ. ಹೀಗಿರುವಾಗ ತೆರಿಗೆ ಬೀಳಬೇಕಾದದ್ದು ಕಮಿಷನ್ನಿನ ಮೇಲೋ, ಒಟ್ಟು ಬಾಜಿಯ ಮೇಲೋ? ಜಿಎಸ್‌ಟಿ ನಿಯಮಗಳಿಗೆ 2018ರ ಜನವರಿಯಲ್ಲಿ ಸೇರಿಸಿದ 31ಎ ನಿಯಮದ 3ನೇ ಉಪನಿಯಮವು ಬಾಜಿಯ ಮುಖಬೆಲೆಯ ಅಥವಾ ಟೋಟಲೈಸೇಟರ್‌ಗೆ ಕಟ್ಟಿದ ಮೊತ್ತದ ಶೇ 100ರಷ್ಟನ್ನು ತೆರಿಗೆಗೆ ಒಳಪಡುವ ಮೌಲ್ಯವೆಂದು ಪರಿಗಣಿಸಬೇಕೆಂದು ಹೇಳಿತು. ಬೆಂಗಳೂರು ಮತ್ತು ಮೈಸೂರಿನ ಎರಡೂ ಕ್ಲಬ್ಬುಗಳು ಇದನ್ನು ಪ್ರಶ್ನಿಸಿದವು. 2021ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ಉಪನಿಯಮವು ಮೂಲ ಕಾಯ್ದೆಯನ್ನು ಮೀರಿದೆ ಎಂದು ರದ್ದುಪಡಿಸಿತು. ಟೋಟಲೈಸೇಟರ್‌ನಲ್ಲಿ ಸೇರಿದ ಹಣವನ್ನು ಕ್ಲಬ್ಬು ಸ್ವಲ್ಪ ಹೊತ್ತು ನಂಬಿಕೆಯ ಮೇಲೆ ಇಟ್ಟುಕೊಂಡಿರುತ್ತದೆಯೇ ಹೊರತು ಅದು ಕ್ಲಬ್ಬಿನ ಗಳಿಕೆಯಲ್ಲ, ಕ್ಲಬ್ಬು ಸೇವೆಗಾಗಿ ಪಡೆಯುವ ಪ್ರತಿಫಲ ಕಮಿಷನ್ ಮಾತ್ರ ಎಂಬುದು ಆ ತೀರ್ಪಿನ ತಿರುಳು. ನನ್ನ ಅಭಿಪ್ರಾಯದಲ್ಲಿ ರೇಸಿನ ಅರ್ಥವ್ಯವಸ್ಥೆಯನ್ನು ಇಷ್ಟು ಸರಿಯಾಗಿ ಗ್ರಹಿಸಿದ ಬರಹ ನಮ್ಮ ತೆರಿಗೆ ಸಾಹಿತ್ಯದಲ್ಲಿ ಅಪರೂಪ.

ಆದರೆ 2023ರಲ್ಲಿ ಸಂಸತ್ತು ಮೂಲ ಕಾಯ್ದೆಯನ್ನೇ ತಿದ್ದಿತು. ಬಾಜಿ, ಕ್ಯಾಸಿನೊ, ಜೂಜು, ಕುದುರೆ ರೇಸ್, ಲಾಟರಿ ಮತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಒಂದೇ ವರ್ಗದಲ್ಲಿ ಸೇರಿಸಿ, ಇಂಥದ್ದನ್ನು ಏರ್ಪಡಿಸುವವರನ್ನೇ ಪೂರೈಕೆದಾರರೆಂದು ಭಾವಿಸತಕ್ಕದ್ದು ಎಂದು ಬರೆಯಿತು. ಇದು ಆ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂತು, ತೆರಿಗೆ ಮತ್ತೆ ಒಟ್ಟು ಬಾಜಿಯ ಮೇಲೆ ಬಿತ್ತು. 2025ರ ಸೆಪ್ಟೆಂಬರ್ 22ರಿಂದ ದರ ಶೇ 40ಕ್ಕೆ ಏರಿತು. ಕುದುರೆ ರೇಸ್ ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ 1996ರಲ್ಲೇ ತಮಿಳುನಾಡಿನ ಪ್ರಕರಣವೊಂದರಲ್ಲಿ ಹೇಳಿದೆ. ಆ ಮಾತು ಪೊಲೀಸ್ ಕಾನೂನಿನ ಎದುರು ರಕ್ಷಣೆ ಕೊಟ್ಟಿತೇ ಹೊರತು ತೆರಿಗೆಯ ದರದಲ್ಲಿ ಯಾವ ರಿಯಾಯಿತಿಯನ್ನೂ ತಂದುಕೊಡಲಿಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. ಸರಳತೆಗಾಗಿ ಕ್ಲಬ್ಬಿನ ಕಮಿಷನ್ ನೂರಕ್ಕೆ ಹತ್ತು ಎಂದೂ, ಬಾಜಿಯ ಮೇಲಿನ ತೆರಿಗೆಯನ್ನು ಪ್ರತ್ಯೇಕವಾಗಿ ಸೇರಿಸಿ ವಸೂಲು ಮಾಡಲಾಗುತ್ತದೆ ಎಂದೂ ಇಟ್ಟುಕೊಳ್ಳೋಣ. 100 ರೂಪಾಯಿಯ ಬಾಜಿಗೆ ರೇಸಿಗೆ ಬಂದವನು 140 ರೂಪಾಯಿ ಕೊಡುತ್ತಾನೆ. 40 ರೂಪಾಯಿ ತೆರಿಗೆಗೆ, 10 ರೂಪಾಯಿ ಕ್ಲಬ್ಬಿಗೆ ಹೋಗಿ 90 ರೂಪಾಯಿ ಗೆದ್ದವರ ನಡುವೆ ಹಂಚಿಕೆಯಾಗುತ್ತದೆ. ಅಂದರೆ ಕೈಯಿಂದ ಹೋದ ಹಣದಲ್ಲಿ ಬಾಜಿದಾರರ ಸಮೂಹಕ್ಕೆ ಮರಳುವುದು ಶೇ 64ರಷ್ಟು. ಅದೇ ಶೇ 40ರ ತೆರಿಗೆ ಕಮಿಷನ್ನಿನ ಮೇಲೆ ಮಾತ್ರ ಬಿದ್ದಿದ್ದರೆ ತೆರಿಗೆ 4 ರೂಪಾಯಿ, ಕಮಿಷನ್ 10 ರೂಪಾಯಿ, ಮರಳುವುದು 86 ರೂಪಾಯಿ.

ಈ ವ್ಯತ್ಯಾಸ ಒಂದೇ ರೇಸಿಗೆ ಮುಗಿಯುವುದಿಲ್ಲ. ರೇಸ್‌ಕೋರ್ಸಿಗೆ ಬಂದವರು ಒಂದು ರೇಸಿನಲ್ಲಿ ಬಂದ ಹಣವನ್ನು ಮುಂದಿನ ರೇಸಿಗೆ ಕಟ್ಟುತ್ತಾರೆ, ಪ್ರತಿ ಸಲವೂ ತೆರಿಗೆ ಹೊಸದಾಗಿ ಬೀಳುತ್ತದೆ. 1,000 ರೂಪಾಯಿ ಹೀಗೆ ಮೂರು ರೇಸ್ ಸುತ್ತಿ ಬಂದಾಗ, ಸರಾಸರಿಯಲ್ಲಿ, ಕಮಿಷನ್ನಿನ ಮೇಲೆ ತೆರಿಗೆಯಿದ್ದರೆ ಸುಮಾರು 636 ರೂಪಾಯಿ ಉಳಿಯುತ್ತದೆ, ಮುಖಬೆಲೆಯ ಮೇಲೆ ತೆರಿಗೆಯಿದ್ದರೆ ಸುಮಾರು 266 ರೂಪಾಯಿ. ಕ್ಲಬ್ಬಿನ ಆದಾಯ ನಿಂತಿರುವುದು ಹಣ ಎಷ್ಟು ಸಲ ಸುತ್ತುತ್ತದೆ ಎಂಬುದರ ಮೇಲೆ. ಬೇಗ ಬರಿದಾದ ಜೇಬು ಕ್ಲಬ್ಬಿಗೆ ಮುಂದಿನ ರೇಸಿನ ಕಮಿಷನ್ ತಂದುಕೊಡುವುದಿಲ್ಲ, ಸರ್ಕಾರಕ್ಕೆ ಮುಂದಿನ ತೆರಿಗೆಯನ್ನೂ ತಂದುಕೊಡುವುದಿಲ್ಲ.

ಇಲ್ಲಿ ನನ್ನನ್ನು ಬಹಳ ಕಾಡುವ ಅಂಶವೊಂದಿದೆ. 2023ರಲ್ಲಿ ಆನ್‌ಲೈನ್ ಆಟಗಳಿಗೆ 31ಬಿ, ಕ್ಯಾಸಿನೊಗಳಿಗೆ 31ಸಿ ಎಂಬ ಹೊಸ ನಿಯಮಗಳನ್ನು ತರುವಾಗ, ಆಟಗಾರ ಗೆದ್ದ ಹಣವನ್ನು ಹಿಂಪಡೆಯದೆ ಮತ್ತೆ ಆಟಕ್ಕೆ ಹಾಕಿದರೆ ಅದನ್ನು ಹೊಸದಾಗಿ ಕಟ್ಟಿದ ಮೊತ್ತವೆಂದು ಎಣಿಸಬಾರದು ಎಂಬ ವಿವರಣೆ ಸೇರಿಸಲಾಯಿತು. ಹಣ ಒಳಬರುವಾಗ ಒಂದು ಸಲ ತೆರಿಗೆ, ಆಮೇಲೆ ಇಲ್ಲ. ಇದು ನ್ಯಾಯವಾದ ವಿವರಣೆ. ಆದರೆ ಕುದುರೆ ರೇಸಿಗೆ ಅದನ್ನು ಅನ್ವಯಿಸಲಿಲ್ಲ, ಅದು ಹಳೆಯ 31ಎ ನಿಯಮದಲ್ಲೇ ಉಳಿಯಿತು. ಕ್ಯಾಸಿನೊದ ಹಿಂದೆ ಹುಲ್ಲು ಬೆಳೆಯುವ ರೈತನಿಲ್ಲ, ಲಾಳ ಹೊಡೆಯುವವನಿಲ್ಲ, ಪಶುವೈದ್ಯನಿಲ್ಲ, ನಸುಕಿಗೇ ಎದ್ದು ಕುದುರೆಗೆ ಮೈ ತಿಕ್ಕುವ ಸಯೀಸನಿಲ್ಲ. ಇಷ್ಟೆಲ್ಲ ಜನರ ಜೀವನ ಆಧರಿಸಿರುವ ಚಟುವಟಿಕೆಗೆ ಕ್ಯಾಸಿನೊಗಿಂತ ಕಠಿಣವಾದ ಅಳತೆಗೋಲು ಏಕೆ ಎಂಬುದಕ್ಕೆ ತೃಪ್ತಿಕರ ಕಾರಣವನ್ನು ನಾನು ಎಲ್ಲೂ ಓದಿಲ್ಲ.

ವಸೂಲಾದ 40 ರೂಪಾಯಿ ಎಲ್ಲಿಗೆ ಹೋಗುತ್ತದೆ? ರಾಜ್ಯದೊಳಗಿನ ಬಾಜಿಯಾದರೆ 20 ರೂಪಾಯಿ ರಾಜ್ಯ ಜಿಎಸ್‌ಟಿಯಾಗಿ ನೇರವಾಗಿ ಕರ್ನಾಟಕದ ಸಂಚಿತ ನಿಧಿಗೆ, 20 ರೂಪಾಯಿ ಕೇಂದ್ರ ಜಿಎಸ್‌ಟಿಯಾಗಿ ಕೇಂದ್ರಕ್ಕೆ ಸೇರುತ್ತದೆ. ಕೇಂದ್ರದ ಪಾಲು ರಾಜ್ಯಗಳೊಂದಿಗೆ ಹಂಚಿಕೊಳ್ಳುವ ತೆರಿಗೆಗಳ ಮೊತ್ತದಲ್ಲಿ ಬೆರೆಯುತ್ತದೆ. 2026ರ ಮಾರ್ಚ್‌ವರೆಗಿನ 15ನೇ ಹಣಕಾಸು ಆಯೋಗದ ಸೂತ್ರದಂತೆ ಆ ಮೊತ್ತದ ಶೇ 41 ರಾಜ್ಯಗಳಿಗೆ, ಅದರಲ್ಲಿ ಕರ್ನಾಟಕಕ್ಕೆ ಶೇ 3.647 ಎಂದಿತ್ತು. ಆ ಲೆಕ್ಕದಲ್ಲಿ ಕೇಂದ್ರಕ್ಕೆ ಹೋದ 20 ರೂಪಾಯಿಯಿಂದ ಕರ್ನಾಟಕಕ್ಕೆ ಮರಳುತ್ತಿದ್ದದ್ದು ಸುಮಾರು 30 ಪೈಸೆ. ಬೆಂಗಳೂರಿನ ಮೈದಾನದಲ್ಲಿ ಕಟ್ಟಿದ ಬಾಜಿಯಿಂದ ಕೇಂದ್ರಕ್ಕೂ ರಾಜ್ಯಕ್ಕೂ ಸಮಪಾಲು ಎಂದು ಹೇಳುವುದು ಸುಲಭ. ರೇಸಿನ ಪರವಾನಗಿ, ಕಾನೂನು ಸುವ್ಯವಸ್ಥೆ, ಸಂಚಾರ ದಟ್ಟಣೆ ಎಲ್ಲದರ ಹೊಣೆ ಮಾತ್ರ ರಾಜ್ಯದ್ದು.

ಗೆದ್ದವನ ಲೆಕ್ಕ ಇಲ್ಲಿಗೂ ಮುಗಿಯುವುದಿಲ್ಲ. ರೇಸಿನಲ್ಲಿ ಗೆದ್ದ ಹಣಕ್ಕೆ ಶೇ 30ರ ಆದಾಯ ತೆರಿಗೆ ಇದೆ. ಗೆಲುವು 10,000 ರೂಪಾಯಿ ಮೀರಿದರೆ ಅದು ಮೂಲದಲ್ಲೇ ಕಡಿತವಾಗುತ್ತದೆ. ಅದೇ ದಿನ ಕಳೆದುಕೊಂಡ ಬಾಜಿಗಳನ್ನು ಗೆಲುವಿನಿಂದ ಕಳೆದು ತೋರಿಸಲು ಕಾನೂನು ಅವಕಾಶ ಕೊಡುವುದಿಲ್ಲ. ಇಷ್ಟು ಕಡಿತಗಳ ನಡುವೆ ಲೆಕ್ಕವಿಡದ ಬುಕ್ಕಿಗಳ ಕಡೆಗೆ ಹಣ ಜಾರುವುದು ಸಹಜ. ಅಲ್ಲಿ ಸರ್ಕಾರಕ್ಕೂ ಇಲ್ಲ, ಕ್ಲಬ್ಬಿಗೂ ಇಲ್ಲ, ಬಹುಮಾನಕ್ಕೂ ಇಲ್ಲ.

ಬಹುಮಾನದ ವಿಷಯವನ್ನು ಕೊಂಚ ಹತ್ತಿರದಿಂದ ನೋಡಬೇಕು. ಟೋಟ್ ಕಮಿಷನ್, ಬುಕ್‌ಮೇಕರ್‌ಗಳು ಕಟ್ಟುವ ಶುಲ್ಕ, ಪ್ರಾಯೋಜಕರ ಹಣ, ಪ್ರವೇಶ ಶುಲ್ಕ, ಇತರ ಊರುಗಳ ರೇಸ್‌ಗಳ ಮೇಲೆ ಇಲ್ಲಿ ಕಟ್ಟುವ ಬಾಜಿಯ ಆದಾಯ, ಇವೇ ಕ್ಲಬ್ಬಿನ ಮೂಲಗಳು. ಮೈದಾನದ ನಿರ್ವಹಣೆ, ಸಿಬ್ಬಂದಿಯ ಸಂಬಳ, ಪಶುವೈದ್ಯಕೀಯ ವ್ಯವಸ್ಥೆ ಕಳೆದು ಉಳಿದದ್ದರಿಂದ ಬಹುಮಾನ ನಿಗದಿಯಾಗುತ್ತದೆ. ಬಹುಮಾನ ಮಾಲೀಕನಿಗೆ ಬರುತ್ತದೆ, ಅದರಲ್ಲಿ ಶೇಕಡಾವಾರು ಪಾಲು ತರಬೇತುದಾರನಿಗೂ ಜಾಕಿಗೂ ಹೋಗುತ್ತದೆ. ಮಾಲೀಕ ತರಬೇತುದಾರನಿಗೆ ಕೊಡುವ ತಿಂಗಳ ಹಣದಿಂದ ಸಯೀಸನ ಕೂಲಿ ಹುಟ್ಟುತ್ತದೆ. ನನ್ನ ಮೇಜಿಗೆ ಬರುವ ಲೆಕ್ಕಪತ್ರಗಳಲ್ಲಿ ಮೇವು, ಲಾಳ, ಔಷಧಿ, ತರಬೇತಿ ಶುಲ್ಕದ ಬಿಲ್ಲುಗಳು ತಿಂಗಳು ತಿಂಗಳೂ ತಪ್ಪದೆ ಬರುತ್ತವೆ. ಬಹುಮಾನದ ಚೀಟಿ ಯಾವಾಗಲೋ ಒಮ್ಮೆ. ಬಹುಮಾನ ಕುಗ್ಗಿದರೆ ಮಾಲೀಕ ಎರಡನೇ ಕುದುರೆ ಕೊಳ್ಳುವುದಿಲ್ಲ, ಆಗ ಕುಣಿಗಲ್‌ನಂಥ ತಳಿ ಕೇಂದ್ರಗಳ ಮರಿಗಳಿಗೆ ಗಿರಾಕಿ ಇರುವುದಿಲ್ಲ. ಹೀಗೆ ಕಡಿತದ ಪೆಟ್ಟು ಕಟ್ಟಕಡೆಗೆ ತಲುಪುವುದು ಯಾವ ಕಾಯ್ದೆಯಲ್ಲೂ ಹೆಸರಿಲ್ಲದವರಿಗೆ.

ಬೇರೆ ಕಡೆ ಹೀಗಿಲ್ಲ. ಅಮೆರಿಕದ ಕೆಂಟಕಿ ರಾಜ್ಯದಲ್ಲಿ 2022ರ ತಿದ್ದುಪಡಿಯ ನಂತರ ಬಾಜಿಯ ಮೇಲಿನ ತೆರಿಗೆ ಶೇ 1.5. ಅದರ ಒಂದು ಭಾಗ ಶಾಸನದ ಮೂಲಕವೇ ಥರೋಬ್ರೆಡ್ (ರೇಸ್ ಕುದುರೆಯ ತಳಿ) ಅಭಿವೃದ್ಧಿ ನಿಧಿಗೆ ಹೋಗಿ, ರಾಜ್ಯದಲ್ಲಿ ಹುಟ್ಟಿದ ಕುದುರೆಗಳ ಬಹುಮಾನಕ್ಕೆ ಸೇರುತ್ತದೆ. ಬೀಜದ ಕುದುರೆಯ ಸೇವಾ ಶುಲ್ಕದ ಮೇಲಿನ ಶೇ 6ರ ಮಾರಾಟ ತೆರಿಗೆಯೂ ತಳಿಗಾರರ ಪ್ರೋತ್ಸಾಹ ನಿಧಿಗಳಿಗೆ ಮೀಸಲು. ಬ್ರಿಟನ್ 2001ರ ಅಕ್ಟೋಬರ್‌ನಲ್ಲಿ ಬಾಜಿಯ ಒಟ್ಟು ಮೊತ್ತದ ಮೇಲಿನ ಸುಂಕ ಕೈಬಿಟ್ಟು ಬುಕ್‌ಮೇಕರ್‌ಗಳ ಒಟ್ಟು ಲಾಭದ ಮೇಲೆ ಶೇ 15 ತೆರಿಗೆ ಹಾಕಿತು. ಅದಲ್ಲದೆ 2017ರಿಂದ ಅಲ್ಲಿ ಐದು ಲಕ್ಷ ಪೌಂಡ್ ಮೀರಿದ ಲಾಭದ ಶೇ 10ರಷ್ಟು, ರೇಸಿಗಾಗಿ ಬುಕ್‌ಮೇಕರ್‌ಗಳಿಂದ ಹಣ ಸಂಗ್ರಹಿಸುವ ಲೆವಿ ಮಂಡಳಿಗೆ ಸಂದಾಯವಾಗುತ್ತದೆ, ಆ ಹಣ ರೇಸಿನ ಸುಧಾರಣೆಗೆ, ತಳಿ ಅಭಿವೃದ್ಧಿಗೆ, ಪಶುವೈದ್ಯ ವಿಜ್ಞಾನಕ್ಕೆ ಬಳಕೆಯಾಗುತ್ತದೆ. ಎರಡೂ ಕಡೆ ಬಾಜಿಯಿಂದ ಸರ್ಕಾರ ಹಣ ತೆಗೆದುಕೊಳ್ಳುತ್ತದೆ, ಆದರೆ ಆ ಹಣ ಹುಟ್ಟಲು ಕಾರಣವಾದ ಕುದುರೆಯ ಪಾಲನ್ನು ಕಾಯ್ದೆಯಲ್ಲೇ ಬರೆದಿಟ್ಟಿದೆ.

ಕರ್ನಾಟಕ ಏನು ಮಾಡಬಹುದು? ದರ ಇಳಿಸುವ ಅಧಿಕಾರ ಅದಕ್ಕೆ ಈಗ ಇಲ್ಲ, ಆದರೆ ಎರಡು ದಾರಿಗಳು ತೆರೆದೇ ಇವೆ. ಜಿಎಸ್‌ಟಿ ಮಂಡಳಿಯಲ್ಲಿ ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣ, ಪಶ್ಚಿಮ ಬಂಗಾಳದಂಥ ರೇಸ್‌ಕೋರ್ಸ್ ಇರುವ ರಾಜ್ಯಗಳು ಒಟ್ಟಾಗಿ, 31ಸಿ ನಿಯಮದ ವಿವರಣೆಯನ್ನು ಕುದುರೆ ರೇಸಿಗೂ ವಿಸ್ತರಿಸುವಂತೆ ಕೇಳಬಹುದು. ಟೋಟ್ ಈಗ ಗಣಕೀಕೃತ, ಆದ್ದರಿಂದ ರೇಸ್ ದಿನದ ಆರಂಭದಲ್ಲಿ ಖಾತೆಗೆ ಕಟ್ಟಿದ ಮೊತ್ತದ ಮೇಲೆ ತೆರಿಗೆ ವಸೂಲು ಮಾಡುವುದಕ್ಕೆ ತಾಂತ್ರಿಕ ಅಡಚಣೆ ಇರಬಾರದು. ಎರಡನೆಯದಕ್ಕೆ ದೆಹಲಿಯ ಅನುಮತಿಯೂ ಬೇಡ. ಸಂಚಿತ ನಿಧಿಗೆ ಬಂದ ರಾಜ್ಯ ಜಿಎಸ್‌ಟಿಯಲ್ಲಿ ರೇಸಿನಿಂದ ಬಂದ ಮೊತ್ತದ ಒಂದು ನಿಶ್ಚಿತ ಭಾಗವನ್ನು ಪ್ರತಿ ಬಜೆಟ್‌ನಲ್ಲಿ ಪ್ರತ್ಯೇಕ ನಿಧಿಗೆ ವರ್ಗಾಯಿಸುವ ಚಿಕ್ಕ ಕಾಯ್ದೆಯೊಂದನ್ನು ವಿಧಾನಮಂಡಲ ಮಾಡಬಹುದು. ಲಾಯದ ಕೆಲಸಗಾರರ ವಿಮೆ, ಗಾಯಗೊಂಡ ಜಾಕಿಗಳ ಪಿಂಚಣಿ, ರೇಸಿನಿಂದ ನಿವೃತ್ತವಾದ ಕುದುರೆಗಳ ಪಾಲನೆ, ಈ ಮೂರು ಬಾಬ್ತುಗಳಿಂದ ಆ ನಿಧಿ ಕೆಲಸ ಆರಂಭಿಸಬೇಕು ಎಂಬುದು ನನ್ನ ಸಲಹೆ.