ಟಿಲ್ಲರ್ ಜೊತೆ ಕುಸ್ತಿ ಬೇಡ, ಹಾಯಿ ಕಡೆ ನೋಡಿ: ವೆದರ್ ಹೆಲ್ಮ್ ಟಿಪ್ಪಣಿ

ಹಾಸನದಲ್ಲಿ ಕೂತು ಹಾಯಿದೋಣಿ ಕಲಿಯುತ್ತೇವೆ ಅಂದರೆ ಮನೆಯವರೇ ನಗುತ್ತಾರೆ. ನಗಲಿ. ನಾವು ಮೂವರು ರಜೆ ಸಿಕ್ಕಾಗ ಕರಾವಳಿಗೆ ಇಳಿಯುತ್ತೇವೆ, ಉಳಿದ ದಿನ ಓದುತ್ತೇವೆ. ಕಳೆದ ಸಲ 24 ಅಡಿಯ ದೋಣಿ ನಡೆಸಿ ಬಂದ ಮೇಲೆ ನನಗೆ ಎರಡು ದಿನ ಭುಜ ಎತ್ತಲು ಆಗಲಿಲ್ಲ. ಗಾಳಿ ಏರಿದ ಹಾಗೆ ದೋಣಿ ವಾಲುತ್ತಿತ್ತು, ಮೂತಿ ಗಾಳಿ ಬರುವ ಕಡೆಗೇ ತಿರುಗುತ್ತಿತ್ತು, ನಾನು ಗಾಳಿ ಬದಿಯಲ್ಲಿ ಕಾಲು ಊರಿ ಕೂತು ಟಿಲ್ಲರನ್ನು (ಚುಕ್ಕಾಣಿಯ ಹಿಡಿಕೋಲು) ಎದೆಗೆ ಎಳೆದುಕೊಂಡು ತಡೆಯುತ್ತಿದ್ದೆ. ಕಲಿಸುವವರು ಸ್ವಲ್ಪ ಹೊತ್ತು ಸುಮ್ಮನೆ ನೋಡಿ, "ಮೇನ್‌ಶೀಟ್ ಒಂದು ಮೊಳ ಬಿಡಿ ಸಾರ್" ಅಂದರು. ಮೇನ್‌ಶೀಟ್ ಅಂದರೆ ಕಂಬದ ಹಿಂದಿನ ದೊಡ್ಡ ಹಾಯಿಯನ್ನು (ಮೇನ್‌ಸೈಲ್) ಎಳೆದು ಹಿಡಿಯುವ ಹಗ್ಗ. ಬಿಟ್ಟೆ. ದೋಣಿ ಎದ್ದು ನಿಂತಿತು, ಟಿಲ್ಲರ್ ಹಗುರವಾಯಿತು, ವೇಗವೂ ಹೆಚ್ಚಿತು. ಹಾಯಿಯಲ್ಲಿ ಗಾಳಿ ಕಡಿಮೆ ಮಾಡಿದರೆ ವೇಗ ಹೆಚ್ಚುವುದು ಹೇಗೆ? ಅದು ಅರ್ಥವಾಗಲು ನನಗೆ ಒಂದು ವಾರ ಹಿಡಿಯಿತು. ಅದಕ್ಕೇ ಈ ಟಿಪ್ಪಣಿ.

ಮೊದಲು ಮಾತು ಸ್ಪಷ್ಟವಾಗಲಿ. ಬಿಟ್ಟರೆ ದೋಣಿ ತಾನಾಗಿ ಗಾಳಿಯ ಕಡೆ ಮೂತಿ ತಿರುಗಿಸುತ್ತದೆ, ನೇರ ಹೋಗಬೇಕಾದರೆ ಟಿಲ್ಲರನ್ನು ಗಾಳಿ ಬದಿಗೆ ಎಳೆದು ಹಿಡಿಯಬೇಕು ಎಂದರೆ ಅದು ವೆದರ್ ಹೆಲ್ಮ್. ಬಿಟ್ಟರೆ ಗಾಳಿಯಿಂದ ಆಚೆಗೆ ಓಡಿದರೆ ಲೀ ಹೆಲ್ಮ್.

ಕಾರಣ ಎರಡು. ಒಂದನೆಯದು ಎಲ್ಲ ಪುಸ್ತಕದಲ್ಲೂ ಇದೆ: ಹಾಯಿಗಳ ಮೇಲೆ ಗಾಳಿ ತಳ್ಳುವ ನಡುಬಿಂದು ಒಂದು, ನೀರಿನೊಳಗೆ ಕೀಲ್ (ದೋಣಿಯ ಅಡಿಯ ರೆಕ್ಕೆ) ಮತ್ತು ರಡ್ಡರ್ (ಚುಕ್ಕಾಣಿ ಹಲಗೆ) ತಡೆಯುವ ನಡುಬಿಂದು ಇನ್ನೊಂದು. ಹಾಯಿಯ ಬಿಂದು ನೀರಿನ ಬಿಂದುವಿಗಿಂತ ಹಿಂದೆ ಹೋದರೆ ಗಾಳಿ ದೋಣಿಯ ಬಾಲವನ್ನು ತಳ್ಳುತ್ತದೆ, ಮೂತಿ ಗಾಳಿಗೆ ಏಳುತ್ತದೆ. ಇದನ್ನು ನೋಡಬೇಕಾದರೆ ಸಮುದ್ರ ಬೇಕಿಲ್ಲ. ನಾವು ಅಡಿಕೆ ಹಾಳೆಯಲ್ಲಿ ಒಂದು ದೋಣಿ ಮಾಡಿ, ಕೆಳಗೆ ತಗಡಿನ ತುಂಡು ಸಿಕ್ಕಿಸಿ, ಹಂಚಿಕಡ್ಡಿಗೆ ಪ್ಲಾಸ್ಟಿಕ್ ಹಾಯಿ ಕಟ್ಟಿ ಗೆಳೆಯನ ತೋಟದ ಕೃಷಿ ಹೊಂಡದಲ್ಲಿ ಬಿಟ್ಟೆವು. ಕಡ್ಡಿ ಹಿಂದಕ್ಕೆ ಸರಿಸಿದರೆ ಗಾಳಿಗೆ ಮುಖ ಮಾಡಿ ನಿಲ್ಲುತ್ತದೆ, ಮುಂದಕ್ಕೆ ಸರಿಸಿದರೆ ಬೆನ್ನು ತೋರಿಸಿ ಓಡುತ್ತದೆ. ಗೆಳೆಯನ ಅಜ್ಜಿ ದಡದಲ್ಲಿ ನಿಂತು "ಮದುವೆ ವಯಸ್ಸಿನ ಹುಡುಗರು ನೋಡ್ರಪ್ಪ" ಅಂದರು, ಅದು ಬೇರೆ ವಿಷಯ.

ಎರಡನೆಯ ಕಾರಣಕ್ಕೆ ಪುಸ್ತಕಗಳು ಕಡಿಮೆ ಜಾಗ ಕೊಡುತ್ತವೆ, ಆದರೆ ಸಣ್ಣ ದೋಣಿಯಲ್ಲಿ ಕೈ ನೋಯಿಸುವುದು ಹೆಚ್ಚಾಗಿ ಇದೇ. ವಾಲುವಿಕೆ. ತಳ್ಳುಗಾಡಿಯ ಬಲಗಡೆ ತುದಿ ಮಾತ್ರ ಹಿಡಿದು ತಳ್ಳಿ ನೋಡಿ, ಗಾಡಿ ಎಡಕ್ಕೆ ತಿರುಗುತ್ತದೆ ಅಲ್ವಾ? ದೋಣಿ ವಾಲಿದಾಗ ಹಾಯಿ ನೀರಿನ ಮೇಲೆ ಗಾಳಿಯ ಆಚೆ ಬದಿಗೆ ಚಾಚಿಕೊಳ್ಳುತ್ತದೆ, ಅಂದರೆ ಮುಂದಕ್ಕೆ ಎಳೆಯುವ ಬಲ ಆ ಬದಿಯಲ್ಲಿ, ನೀರಿನಲ್ಲಿ ಎಳೆಸಿಕೊಳ್ಳುವ ಒಡಲು ಈ ಬದಿಯಲ್ಲಿ. ಹಾಗಾಗಿ ಮೂತಿ ಗಾಳಿ ಕಡೆ ತಿರುಗುತ್ತದೆ. ಸಾಲದ್ದಕ್ಕೆ, ವಾಲಿದ ಒಡಲಿನ ಒಂದು ಬದಿ ಜಾಸ್ತಿ ಮುಳುಗಿ ಅದರ ಉಬ್ಬು ಕೂಡ ಅತ್ತಲೇ ತಿರುಗಿಸುತ್ತದೆ. ಹಿಂಭಾಗ ಅಗಲ ಇರುವ ಈಗಿನ ದೋಣಿಗಳಲ್ಲಿ ಇದು ಇನ್ನೂ ಜೋರು. ಅಂದರೆ ಟಿಲ್ಲರ್ ಭಾರವಾದಾಗ ಮೊದಲು ಕೇಳಬೇಕಾದ ಪ್ರಶ್ನೆ "ಎಷ್ಟು ವಾಲಿದ್ದೇವೆ?" ಎಂಬುದು.

ಹಾಗಂತ ವೆದರ್ ಹೆಲ್ಮ್ ಪೂರ್ತಿ ಹೋಗಬೇಕು ಅಂತಲ್ಲ. ಗಾಳಿಗೆ ಎದುರಾಗಿ ಏರುವಾಗ ರಡ್ಡರ್ 3ರಿಂದ 5 ಡಿಗ್ರಿ ತಿರುಗಿ ನಿಂತಿದ್ದರೆ ಒಳ್ಳೆಯದು. ಅಷ್ಟು ಕೋನದಲ್ಲಿ ರಡ್ಡರ್ ಕೂಡ ಕೀಲ್ ಥರ ನೀರನ್ನು ತಡೆದು ದೋಣಿ ಪಕ್ಕಕ್ಕೆ ಜಾರದಂತೆ ಹಿಡಿಯುತ್ತದೆ. ಕೈಗೂ ಒಂದು ಸುದ್ದಿ ಸಿಗುತ್ತಿರುತ್ತದೆ. ಟಿಲ್ಲರ್ ಕೈತಪ್ಪಿದರೆ ದೋಣಿ ಗಾಳಿಗೆ ಮುಖ ಮಾಡಿ ನಿಧಾನವಾಗುತ್ತದೆ, ಅಷ್ಟೇ. ಲೀ ಹೆಲ್ಮ್ ಇದ್ದರೆ ಅದೇ ತಪ್ಪಿಗೆ ದೋಣಿ ಬೆನ್ನು ತಿರುಗಿಸಿ ಓಡಿ, ಬೂಮ್ (ಹಾಯಿಯ ಕೆಳಅಂಚಿನ ಅಡ್ಡಕೋಲು) ತಲೆ ಮೇಲೆ ಬೀಸಿ ಬರಬಹುದು. 10 ಡಿಗ್ರಿ ದಾಟಿದರೆ ರಡ್ಡರ್ ಬರೀ ಬ್ರೇಕು, ಎತ್ತು ಹೊಡೆಯುತ್ತಾ ಚಕ್ರಕ್ಕೆ ಕಲ್ಲು ಕೊಟ್ಟ ಹಾಗೆ. ಇನ್ನೂ ತಿರುಗಿಸುತ್ತಾ ಹೋದರೆ ಒಂದು ಹಂತದಲ್ಲಿ ನೀರು ಅದರ ಮೈ ಬಿಟ್ಟು ಕಿತ್ತುಕೊಳ್ಳುತ್ತದೆ. ಆಮೇಲೆ ನೀವು ಎಷ್ಟು ಎಳೆದರೂ ದೋಣಿ ತನ್ನಿಷ್ಟದಂತೆ ಗಾಳಿಗೆ ತಿರುಗುತ್ತದೆ. ನನ್ನ ವೇಗ ಹೆಚ್ಚಿದ ಗುಟ್ಟು ಇಷ್ಟೇ, ಬ್ರೇಕ್ ಬಿಟ್ಟಿತ್ತು.

ಡಿಗ್ರಿ ಅಳೆಯುವುದು ಹೇಗೆ ಅಂದರೆ, ಟಿಲ್ಲರ್ 1 ಮೀಟರ್ ಉದ್ದ ಇದ್ದರೆ ಅದರ ತುದಿ ನಡುವಿನಿಂದ ಸುಮಾರು 9 ಸೆಂ.ಮೀ. ಸರಿದಾಗ 5 ಡಿಗ್ರಿ, 17 ಸೆಂ.ಮೀ. ಸರಿದಾಗ 10 ಡಿಗ್ರಿ. ಕೆಳಗೆ ಇನ್ಸುಲೇಷನ್ ಟೇಪ್ ಅಂಟಿಸಿ ಗುರುತು ಮಾಡಿ. ಕೈಯ ಭಾರ ಮಾತ್ರ ನಂಬಬೇಡಿ. ಕೆಲವು ರಡ್ಡರುಗಳ ಒಂದು ಭಾಗ ತಿರುಗುವ ಅಚ್ಚಿಗಿಂತ ಮುಂದೆ ಇರುತ್ತದೆ, ಅಲ್ಲಿ ಕೋನ ಜಾಸ್ತಿ ಇದ್ದರೂ ಕೈಗೆ ಹಗುರ ಅನಿಸುತ್ತದೆ.

ಈಗ ಏನು ಮಾಡಬೇಕು. ಗಾಳಿ ಗಕ್ಕನೆ ಏರಿದರೆ ಮೊದಲು ಮೇನ್‌ಸೈಲ್. ಟ್ರಾವೆಲರ್ (ಮೇನ್‌ಶೀಟಿನ ಬುಡ ಅಡ್ಡಕ್ಕೆ ಸರಿಯುವ ಹಳಿ) ಇದ್ದರೆ ಅದನ್ನು ಗಾಳಿಯ ಆಚೆ ಬದಿಗೆ ಬಿಡಿ, ಹಾಯಿಯ ಆಕಾರ ಕೆಡದೆ ಕೋನ ಮಾತ್ರ ಕಡಿಮೆಯಾಗುತ್ತದೆ. ಇಲ್ಲದಿದ್ದರೆ ಮೇನ್‌ಶೀಟ್ ಬಿಡಿ, ಆಗ ಹಾಯಿಯ ಮೇಲ್ಭಾಗ ತಿರುಚಿಕೊಂಡು ಗಾಳಿ ಸೋರಿ ಹೋಗುತ್ತದೆ. ವಾಲಿಸುವುದು ಮೇಲಿನ ಗಾಳಿಯೇ ತಾನೆ, ಅದು ಸೋರಿದರೆ ಒಳ್ಳೆಯದೇ. ಹಾಯಿಯ ಮುಂದಿನ ಅಂಚು ಸ್ವಲ್ಪ ಪಟಪಟ ಅಂದರೂ ಹೆದರಬೇಡಿ.

ಗಾಳಿ ಏರಿ ಅಲ್ಲೇ ನಿಂತರೆ ಹಾಯಿಯ ಹೊಟ್ಟೆ ಕರಗಿಸಬೇಕು. ಔಟ್‌ಹಾಲ್ (ಹಾಯಿಯ ಕೆಳಗಿನ ಹಿಂಮೂಲೆ ಎಳೆಯುವ ಹಗ್ಗ) ಬಿಗಿ ಮಾಡಿದರೆ ಕೆಳಭಾಗ ಚಪ್ಪಟೆ. ಹ್ಯಾಲ್ಯಾರ್ಡ್ (ಹಾಯಿ ಏರಿಸುವ ಹಗ್ಗ) ಅಥವಾ ಕನಿಂಗ್‌ಹ್ಯಾಮ್ (ಹಾಯಿಯ ಮುಂದಿನ ಅಂಚನ್ನು ಕೆಳಕ್ಕೆ ಬಿಗಿಯುವ ಹಗ್ಗ) ಎಳೆದರೆ ಹೊಟ್ಟೆ ಮುಂದಕ್ಕೆ ಬರುತ್ತದೆ. ಬ್ಯಾಕ್‌ಸ್ಟೇ (ಕಂಬದ ತುದಿಯಿಂದ ಹಿಂದಕ್ಕೆ ಕಟ್ಟಿದ ತಂತಿ) ಎಳೆಯುವ ವ್ಯವಸ್ಥೆ ಇದ್ದು ಕಂಬ ಬಾಗುವಂಥದ್ದಾದರೆ ನಡುಭಾಗವೂ ಚಪ್ಪಟೆಯಾಗುತ್ತದೆ. ಬಾಡಿಗೆ ದೋಣಿಗಳಲ್ಲಿ ಹಾಯಿ ಸಾಮಾನ್ಯವಾಗಿ ಹಳೇ ಗೋಣಿಚೀಲದ ಹಾಗೆ ಜೋತು, ಹೊಟ್ಟೆ ಹಿಂದಕ್ಕೆ ಸರಿದಿರುತ್ತದೆ. ಅಂಥದ್ದಕ್ಕೆ ಹ್ಯಾಲ್ಯಾರ್ಡ್ ಎಳೆತವೇ ಅರ್ಧ ಔಷಧ.

ಅದೂ ಸಾಲದಿದ್ದರೆ ರೀಫ್, ಅಂದರೆ ಹಾಯಿ ಮಡಚಿ ಚಿಕ್ಕದು ಮಾಡುವುದು. ಇಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಜಿಬ್ (ಮುಂದಿನ ಹಾಯಿ) ಸುತ್ತುವ ಹಗ್ಗ ಕೂತಲ್ಲೇ ಕೈಗೆ ಸಿಗುತ್ತದೆ, ಮೇನ್ ರೀಫ್ ಮಾಡಬೇಕಾದರೆ ಎದ್ದು ಕಂಬದ ಹತ್ತಿರ ಹೋಗಬೇಕು. ಸೋಮಾರಿತನಕ್ಕೆ ಜಿಬ್ ಸುತ್ತಿದೆ. ಮುಂದಿನ ಹಾಯಿ ಚಿಕ್ಕದಾಗಿ, ಹಿಂದಿನದು ಪೂರ್ತಿ ಹಾಗೇ ಉಳಿದು, ತಳ್ಳುವ ಬಿಂದು ಇನ್ನೂ ಹಿಂದಕ್ಕೆ ಹೋಗಿ ಟಿಲ್ಲರ್ ಮೊದಲಿಗಿಂತ ಭಾರವಾಯಿತು! ಕೈ ನೋವಿಗೆ ಮದ್ದು ಬೇಕಾದರೆ ಮೊದಲು ಮೇನ್ ಚಿಕ್ಕದಾಗಲಿ, ಜಿಬ್ ಆಮೇಲೆ.

ರೀಫ್ ತಡ ಮಾಡಬಾರದು ಅನ್ನಲು ಒಂದು ಲೆಕ್ಕ ಇದೆ. ಗಾಳಿಯ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 10 ನಾಟ್‌ನಿಂದ 14 ನಾಟ್ ಆದರೆ ಕೇಳಲು ನಾಲ್ಕೇ ಜಾಸ್ತಿ, ಹಾಯಿಯ ಮೇಲೆ ಬಲ ಹೆಚ್ಚು ಕಡಿಮೆ ಎರಡರಷ್ಟು. 20 ನಾಟ್ ಆದರೆ ನಾಲ್ಕರಷ್ಟು. 1 ನಾಟ್ ಅಂದರೆ ಗಂಟೆಗೆ 1.852 ಕಿ.ಮೀ., ಹಾಗಾಗಿ 20 ನಾಟ್ ಅಂದರೆ ಬೈಕಿನಲ್ಲಿ 37ರಲ್ಲಿ ಹೋಗುವಾಗ ಮುಖಕ್ಕೆ ಬಡಿಯುವ ಗಾಳಿ.

ಉಳಿದವು ಬೇಗ ಹೇಳುತ್ತೇನೆ. ಜನ ಗಾಳಿ ಬದಿಗೆ ಕೂತರೆ ವಾಲುವುದು ಕಡಿಮೆ. ಸ್ವಲ್ಪ ಹಿಂದಕ್ಕೆ ಸರಿದರೆ ಮೂತಿ ಎದ್ದು ನೀರಿನ ಬಿಂದು ಹಿಂದಕ್ಕೆ ಹೋಗುತ್ತದೆ, ಅದೂ ಸಹಾಯವೇ. ಮಡಚುವ ಸೆಂಟರ್‌ಬೋರ್ಡ್ (ಕೀಲ್ ಬದಲಿಗೆ ಇರುವ ಹಲಗೆ) ಇದ್ದರೆ ಸ್ವಲ್ಪ ಎತ್ತಿದರೂ ಹಾಗೇ. ಇಷ್ಟೆಲ್ಲ ಮಾಡಿಯೂ ಸಣ್ಣ ಗಾಳಿಯಲ್ಲೇ ಟಿಲ್ಲರ್ ಎಳೆಯುತ್ತಿದ್ದರೆ ಕಂಬ ಹಿಂದಕ್ಕೆ ಜಾಸ್ತಿ ಒರಗಿರಬಹುದು. ಅದನ್ನು ದಡದಲ್ಲಿ ಸರಿ ಮಾಡಬೇಕು, ನಮ್ಮಂಥವರು ನೀರಿನ ಮೇಲೆ ಮುಟ್ಟಲೇಬಾರದು.

ಹಾಯಿಗೆ ಅಂಟಿಸಿದ ಉಲ್ಲನ್ ದಾರಗಳ ಬಗ್ಗೆ ಗೊಂದಲ ಇದ್ದವರಿಗೆ: ಜಿಬ್‌ನಲ್ಲಿ ಗಾಳಿ ಬದಿಯ ದಾರ ಕುಣಿದರೆ ಶೀಟ್ ಎಳೆಯಿರಿ ಇಲ್ಲವೇ ಮೂತಿ ಗಾಳಿಯಿಂದ ಸ್ವಲ್ಪ ಆಚೆ ಮಾಡಿ. ಆಚೆ ಬದಿಯ ದಾರ ಕುಣಿದರೆ ಶೀಟ್ ಬಿಡಿ ಇಲ್ಲವೇ ಗಾಳಿ ಕಡೆ ಏರಿ. ಮೇನ್‌ನ ಹಿಂದಿನ ಅಂಚಿನ ಮೇಲಿನ ರಿಬ್ಬನ್ ಯಾವಾಗಲೂ ಹಾಯಿಯ ಹಿಂದೆ ಬಚ್ಚಿಟ್ಟುಕೊಂಡಿದ್ದರೆ ನೀವು ಶೀಟ್ ವಿಪರೀತ ಎಳೆದಿದ್ದೀರಿ.

ಗಾಳಿ ಬಡಿದ ಮೇಲೆ ಬಿಡುವುದಕ್ಕಿಂತ ಬರುವುದನ್ನು ನೋಡಿ ಬಿಡುವುದು ವಾಸಿ. ಅದರ ಅಭ್ಯಾಸ ನಮ್ಮ ಊರಲ್ಲೇ ಆಗುತ್ತದೆ. ಆಷಾಢದಲ್ಲಿ ಶೆಟ್ಟಿಹಳ್ಳಿಯ ಹಳೇ ಚರ್ಚ್ ಹತ್ತಿರ ಹೇಮಾವತಿ ಹಿನ್ನೀರಿನ ದಡದಲ್ಲಿ ನಿಂತರೆ, ಗಾಳಿಯ ಒಂದೊಂದು ಹೊಡೆತವೂ ನೀರಿನ ಮೇಲೆ ಕಪ್ಪು ಮಚ್ಚೆಯಾಗಿ ಓಡಿ ಬರುವುದು ಕಾಣುತ್ತದೆ. ಮಚ್ಚೆ ಕಂಡ ತಕ್ಷಣ ಎಣಿಸಲು ಶುರು ಮಾಡಿ, ಮುಖಕ್ಕೆ ಗಾಳಿ ತಾಗಿದಾಗ ನಿಲ್ಲಿಸಿ. ಹೋದ ಭಾನುವಾರ ನನಗೆ ಆರು, ಏಳು ಎಣಿಸುವಷ್ಟು ಸಮಯ ಸಿಗುತ್ತಿತ್ತು. ಒಂದು ಮೊಳ ಹಗ್ಗ ಬಿಡಲು ಅಷ್ಟು ಧಾರಾಳ ಸಾಕು.