ತಗಡಿನ ದೋಣಿ ಕಂಡರೆ ಕಾಲು ಯಾಕೆ ನಿಲ್ಲುತ್ತದೆ?

ಪ್ರಶ್ನೆ: ವಯಸ್ಸು ನಲವತ್ತು ದಾಟಿದೆ. ಆದರೂ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋದರೆ ಕಾಯಿ ರಾಶಿಗಿಂತ ಮೊದಲು ಆಟಿಕೆಯವನ ಮುಂದೆ ನಿಲ್ಲುತ್ತೇನೆ. ಹೋದ ಸಲ ನೀರಿನಲ್ಲಿ ಪುಟ್ ಪುಟ್ ಅಂತ ಓಡುವ ತಗಡಿನ ದೋಣಿ ತಂದೆ. ಮನೆಯಲ್ಲಿ ಅದು ಕದಲಲೇ ಇಲ್ಲ. ಮನೆಯವರೆಲ್ಲ ನಕ್ಕರು. ಕೆಲಸಕ್ಕೆ ಬಾರದ ಇಂಥ ಚಿಲ್ಲರೆ ಸಾಮಾನು ನಮ್ಮನ್ನು ಯಾಕೆ ಹೀಗೆ ಸೆಳೆಯುತ್ತದೆ?

ಉತ್ತರ: ಮೊದಲು ದೋಣಿಯ ವಿಷಯ. ಅದು ಕೆಟ್ಟಿರಲಿಕ್ಕಿಲ್ಲ. ಕೊಳವೆಗೆ ನೀರು ತುಂಬಿಸದೆ ಬತ್ತಿ ಹಚ್ಚಿರುತ್ತೀರಿ. ನಾನೂ ಅದನ್ನೇ ಮಾಡಿ, ಮಾರಿದವನನ್ನು ವಾರಗಟ್ಟಲೆ ಬೈದುಕೊಂಡಿದ್ದೆ. ಅವನ ಬೋಗುಣಿಯಲ್ಲಿ ದೋಣಿ ಆಗಲೇ ಸುತ್ತು ಹಾಕುತ್ತಿರುತ್ತದೆ. ಅದಕ್ಕೆ ನೀರು ಕುಡಿಸಿದ್ದನ್ನು ನಾವು ನೋಡಿಯೇ ಇರುವುದಿಲ್ಲ.

ನಿಮ್ಮ ದೊಡ್ಡ ಪ್ರಶ್ನೆಗೂ ಉತ್ತರ ಆ ದೋಣಿಯ ಹೊಟ್ಟೆಯಲ್ಲೇ ಇದೆ. ಒಳಗಿರುವುದು ತೆಳು ತಗಡಿನ ಒಂದು ಚಪ್ಪಟೆ ಡಬ್ಬಿ, ಅದರಿಂದ ಹಿಂದಕ್ಕೆ ಚಾಚಿದ ಎರಡು ಕೊಳವೆ. ಅಷ್ಟೇ. ಚಕ್ರವಿಲ್ಲ, ಕೀಲಿಯಿಲ್ಲ, ಸ್ಪ್ರಿಂಗ್ ಇಲ್ಲ. ಕೆಳಗೆ ಎಣ್ಣೆಬತ್ತಿ ಉರಿದಾಗ ಡಬ್ಬಿಯ ನೀರು ಆವಿಯಾಗಿ, ಕೊಳವೆಯಲ್ಲಿರುವ ನೀರನ್ನು ಹೊರಕ್ಕೆ ತಳ್ಳುತ್ತದೆ. ಆವಿ ಕೊಳವೆಯ ತಣ್ಣಗಿನ ಭಾಗಕ್ಕೆ ಬಂದೊಡನೆ ಮತ್ತೆ ನೀರಾಗಿ ಕುಗ್ಗುತ್ತದೆ, ಹೊರಗಿನ ನೀರು ಒಳಕ್ಕೆ ನುಗ್ಗುತ್ತದೆ. ಪುನಃ ಕಾಯುತ್ತದೆ, ಪುನಃ ತಳ್ಳುತ್ತದೆ. ಸೆಕೆಂಡಿಗೆ ಹಲವು ಸಲ ನಡೆಯುವ ಈ ಉಬ್ಬರವಿಳಿತಕ್ಕೆ ಡಬ್ಬಿಯ ಮೇಲ್ತಗಡು ಉಬ್ಬಿ ತಗ್ಗುವುದೇ ಆ ಪುಟ್ ಪುಟ್ ಸದ್ದು. ಓಡುವುದಕ್ಕೆ ಒಂದು ಕೊಳವೆ ಸಾಕು. ಎರಡನೆಯದು ಇರುವುದು ಒಂದರಲ್ಲಿ ನೀರು ಹಾಕುವಾಗ ಇನ್ನೊಂದರಲ್ಲಿ ಗಾಳಿ ಹೊರಬರಲಿ ಅಂತ.

ಇಲ್ಲೊಂದು ತಕರಾರು ಏಳಬೇಕು. ಹೊರಕ್ಕೆ ಹೋದಷ್ಟೇ ನೀರು ಒಳಕ್ಕೂ ಬಂದರೆ ದೋಣಿ ಮುಂದೆ ಹೋಗಿ ಹಿಂದೆ ಬರುತ್ತಾ ನಿಂತಲ್ಲೇ ನಡುಗಬೇಕಲ್ಲ? ಸೌದೆ ಒಲೆಯ ಮುಂದೆ ಕೂತವರಿಗೆ ಇದರ ಗುಟ್ಟು ಗೊತ್ತು. ಊದುಗೊಳವೆಯಲ್ಲಿ ಊದಿದರೆ ಗಾಳಿ ನೇರ ಹೋಗಿ ಕೆಂಡಕ್ಕೆ ತಾಗುತ್ತದೆ. ಅದೇ ದೂರದಿಂದ ಉಸಿರೆಳೆದುಕೊಂಡರೆ ಬೂದಿಯೂ ಅಲುಗದು. ಊದಿದ್ದು ಒಂದೇ ದಿಕ್ಕಿಗೆ ಹೋಗುತ್ತದೆ, ಎಳೆದದ್ದು ಸುತ್ತಲಿಂದಲೂ ಬರುತ್ತದೆ. ದೋಣಿಯ ನೀರಿನದೂ ಇದೇ ಕಥೆ: ಹೊರಹೋಗುವಾಗ ಹಿಂದಕ್ಕೆ ಚಿಮ್ಮುವ ಧಾರೆ, ಒಳಬರುವಾಗ ಎಲ್ಲ ಕಡೆಯಿಂದಲೂ ಜಾರಿ ಬರುವ ನೀರು. ಲೆಕ್ಕದಲ್ಲಿ ಉಳಿಯುವುದು ಮುಂದಕ್ಕೆ ಸಿಗುವ ನೂಕು. ಫ್ರಾನ್ಸಿನ ಥಾಮಸ್ ಪಿಯೊ 1891ರಲ್ಲೇ ಇಂಗ್ಲೆಂಡಿನಲ್ಲಿ ಇಂಥ ದೋಣಿಯ ಪೇಟೆಂಟಿಗೆ ಅರ್ಜಿ ಹಾಕಿದ್ದ.

ಈಗ ಸೆಳೆತದ ಮಾತು. ನಿಮ್ಮ ಜೇಬಿನಲ್ಲಿರುವ ಮೊಬೈಲು ಈ ದೋಣಿಗಿಂತ ಲಕ್ಷ ಪಾಲು ದೊಡ್ಡ ಚಮತ್ಕಾರ. ಆದರೆ ಅದು ಹೇಗೆ ಕೆಲಸ ಮಾಡುತ್ತದೆ ಅಂತ ಯಾರೂ ಬಗ್ಗಿ ನೋಡುವುದಿಲ್ಲ. ನೋಡಿದರೂ ಅರ್ಥವಾಗದು ಅಂತ ಮೊದಲೇ ಕೈಬಿಟ್ಟಿದ್ದೇವೆ. ದೋಣಿಯಲ್ಲಿ ಬತ್ತಿ ಕಾಣುತ್ತದೆ, ನೀರು ಕಾಣುತ್ತದೆ, ಕೊಳವೆ ಕಾಣುತ್ತದೆ. ನಡುವಿನ ಒಂದೇ ಒಂದು ಕೊಂಡಿ ಕಾಣುವುದಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಲೋವೆನ್‌ಸ್ಟೈನ್ 1994ರಲ್ಲಿ ಕುತೂಹಲದ ಬಗ್ಗೆ ಬರೆದದ್ದೂ ಇದನ್ನೇ: ತಿಳಿದದ್ದಕ್ಕೂ ತಿಳಿಯಬೇಕೆನಿಸಿದ್ದಕ್ಕೂ ನಡುವಿನ ಕಂದರ ಕಣ್ಣಿಗೆ ಬಿದ್ದಾಗ ಮನಸ್ಸು ತುರಿಸತೊಡಗುತ್ತದೆ. ಏನೂ ಗೊತ್ತಿಲ್ಲದವನಿಗೆ ಆ ತುರಿಕೆ ಇಲ್ಲ. ಪರಿಷೆಯ ಆಟಿಕೆಯವನು ಲೋವೆನ್‌ಸ್ಟೈನ್ ಬರೆದದ್ದನ್ನು ಓದಿಲ್ಲ. ಆದರೆ ದೋಣಿಯನ್ನು ಡಬ್ಬದಲ್ಲಿಟ್ಟು ಮಾರದೆ ನೀರಿಗೆ ಬಿಟ್ಟೇ ಮಾರುತ್ತಾನೆ.

ಎಲ್ಲ ಚಿಲ್ಲರೆ ಸಾಮಾನಿಗೂ ಈ ಮಾತು ಒಪ್ಪುವುದಿಲ್ಲ. ರಬ್ಬರ್ ಹಲ್ಲಿ ಇರುವುದು ಬೇರೆಯವರನ್ನು ಒಂದು ಸಲ ಕಿರುಚಿಸಲು, ಅಲ್ಲಿಗೆ ಅದರ ಆಯಸ್ಸು ಮುಗಿಯಿತು. ನೀರು ಕುಡಿಯುವ ಗಾಜಿನ ಹಕ್ಕಿ ಮಾತ್ರ ದೋಣಿಯ ಜಾತಿಯದು. ಒದ್ದೆ ತಲೆ ಆರುತ್ತಾ ತಣ್ಣಗಾದಂತೆ ಒಳಗಿನ ದ್ರವ ಕತ್ತಿಗೆ ಏರಿ, ತಲೆ ಭಾರವಾಗಿ ಬಾಗಿ, ಕೊಕ್ಕು ಲೋಟಕ್ಕೆ ತಾಗುತ್ತದೆ. ಅದರ ಗುಟ್ಟು ತಿಳಿದು ಎಷ್ಟೋ ವರ್ಷವಾದರೂ ಎದುರಿಗೆ ಕಂಡರೆ ನಾನು ಇನ್ನೊಂದು ಗುಟುಕಿಗೆ ಕಾಯುತ್ತೇನೆ. ಇಂಥವನ್ನು ಕೆಲಸಕ್ಕೆ ಬಾರದ್ದು ಅನ್ನಲು ನನಗಂತೂ ಬಾಯಿ ಬರುವುದಿಲ್ಲ.

ನಿಮ್ಮ ದೋಣಿಯನ್ನು ಇನ್ನೂ ಎಸೆದಿಲ್ಲ ತಾನೆ? ಬುಡಮೇಲು ಮಾಡಿ ಹಿಡಿದು, ಕಣ್ಣಿನ ಔಷಧಿಯ ಖಾಲಿ ಡ್ರಾಪರಿನಿಂದ ಒಂದು ಕೊಳವೆಗೆ ನೀರು ಬಿಡಿ. ಇನ್ನೊಂದರಿಂದ ನೀರು ತುಳುಕಿದಾಗ ಎರಡೂ ಬಾಯಿಗೆ ಬೆರಳು ಒತ್ತಿ, ತಿರುಗಿಸಿ, ನೀರಿನೊಳಗೇ ಬೆರಳು ತೆಗೆಯಿರಿ. ಆಮೇಲೆ ಬತ್ತಿ ಹಚ್ಚಿ ಅರೆನಿಮಿಷ ಕಾಯಿರಿ. ನಕ್ಕವರನ್ನೂ ಕರೆಯಿರಿ, ಯಾರು ಮೊದಲು ಬಗ್ಗಿ ನೋಡುತ್ತಾರೆ ಅಂತ ನನಗೆ ಬರೆದು ತಿಳಿಸಿ.