‘ಗ್ಯಾಸ್ಟ್ರಿಕ್’ ರಜೆಯ ಹಿಂದೆ

ಹಾಸನದ ಎಂಟು ಹತ್ತು ಜನರ ಸ್ಟಾರ್ಟಪ್‌ನಲ್ಲಿ ರಜೆ ಕೇಳುವ ಮೆಸೇಜಿನಲ್ಲಿ ‘ಡಿಪ್ರೆಶನ್’ ಎಂಬ ಪದ ಬರುವುದಿಲ್ಲ. ಬರುವುದು ‘ಗ್ಯಾಸ್ಟ್ರಿಕ್’. ಅದಿಲ್ಲದಿದ್ದರೆ ‘ತಲೆ ಭಾರ’, ‘ರಾತ್ರಿ ನಿದ್ದೆ ಇಲ್ಲ’. ಇದು ಸುಳ್ಳೂ ಅಲ್ಲ. ಆತಂಕ ಮೊದಲು ಹೊಟ್ಟೆಯನ್ನೂ ನಿದ್ದೆಯನ್ನೂ ಕೆಡಿಸುತ್ತದೆ. ಇಂಥ ಕಂಪನಿ ನಡೆಸುವವರು ನೀವಾದರೆ, ಒಂದು ರಜೆಯ ಹಿಂದೆ ಅರ್ಥ ಹುಡುಕಲು ಹೋಗಬೇಡಿ. ಆದರೆ ಆರು ವಾರದಲ್ಲಿ ಮೂರು ಸಲ ಅದೇ ಕಾರಣ ಬಂದು, ಜೊತೆಗೆ ರಾತ್ರಿ ಎರಡಕ್ಕೆ ಮೆಸೇಜು, ತಿಂಡಿ ಬಿಡುವುದು, ಎಲ್ಲರ ಜೊತೆ ಚಹಾಕ್ಕೆ ಹೋಗುತ್ತಿದ್ದವರು ಹೋಗದಿರುವುದು, ಸಣ್ಣ ತಪ್ಪು ತೋರಿಸಿದರೂ ಸಿಡುಕು, ಇವೆಲ್ಲ ಕೂಡಿಕೊಂಡರೆ ಮಾತಾಡಿಸುವ ಹೊತ್ತಾಯಿತು ಎಂದರ್ಥ.

ಬೆಂಗಳೂರಿನ ದೊಡ್ಡ ಕಂಪನಿಗಳ ಪರಿಹಾರಗಳನ್ನು ಇಲ್ಲಿ ಹಾಗೇ ತಂದಿಟ್ಟರೆ ಕೆಲಸ ಮಾಡುವುದಿಲ್ಲ. ಹೆಸರಿಲ್ಲದ ಸಮೀಕ್ಷೆಯನ್ನೇ ನೋಡಿ. ಒಂಬತ್ತು ಜನರಿರುವ ಕಚೇರಿಯಲ್ಲಿ ‘ಟೆಸ್ಟಿಂಗ್ ವಿಭಾಗ, ಮಹಿಳೆ, ಎರಡು ವರ್ಷ ಅನುಭವ’ ಎಂದು ಮೂರು ಕಾಲಂ ತುಂಬಿದರೆ ಹೆಸರು ಬರೆದಷ್ಟೇ ಸ್ಪಷ್ಟ. ಖಿನ್ನತೆ ಅಳೆಯಲು ವೈದ್ಯರು ಬಳಸುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಂಡು ಸಿಬ್ಬಂದಿಗೆ ಹಂಚುವುದಂತೂ ಬೇಡವೇ ಬೇಡ. ಅದರ ಒಂಬತ್ತನೇ ಪ್ರಶ್ನೆ ಸಾವಿನ ಮತ್ತು ಸ್ವಯಂ ಹಾನಿಯ ಯೋಚನೆಯ ಬಗ್ಗೆ. ಯಾರಾದರೂ ಅಂಥ ಯೋಚನೆ ಬರುತ್ತದೆ ಎಂದು ಗುರುತು ಹಾಕಿ, ಆ ಹಾಳೆ ಒಂದು ವಾರ ಯಾರೂ ತೆರೆಯದ ಫೋಲ್ಡರಿನಲ್ಲಿ ಬಿದ್ದಿದ್ದರೆ ಆ ಹೊಣೆ ಯಾರದು?

ಮೊದಲು ಸರಿಪಡಿಸಬೇಕಾದದ್ದು ಕೆಲಸವನ್ನು. ಬರ್ನೌಟ್ ಅನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳನ್ನು ವರ್ಗೀಕರಿಸುವ ತನ್ನ ಐಸಿಡಿ-11ರಲ್ಲಿ ಕಾಯಿಲೆ ಎಂದು ಪಟ್ಟಿ ಮಾಡಿಲ್ಲ. ಕೆಲಸದ ಜಾಗದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಹುಟ್ಟುವ ಸ್ಥಿತಿ ಎಂದಿದೆ. ದಣಿವು, ಕೆಲಸದ ಮೇಲೆ ಜಿಗುಪ್ಸೆ, ‘ನನ್ನ ಕೈಲಿ ಆಗ್ತಿಲ್ಲ’ ಎಂಬ ಭಾವ, ಇವು ಅದರ ಮೂರು ಮುಖ. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಮತ್ತು ಅದಕ್ಕೂ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ 35ರಷ್ಟು ಹೆಚ್ಚು ಎಂದು ಇದೇ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಲೆಕ್ಕ ಕೊಟ್ಟಿವೆ. ಆದ್ದರಿಂದ ಧ್ಯಾನದ ಆ್ಯಪಿಗೆ ಚಂದಾ ಕಟ್ಟುವ ಮುಂಚೆ ಹಾಜರಾತಿ ಪುಸ್ತಕ ತೆಗೆಯಿರಿ.

ಅಮೆರಿಕದ ಗ್ರಾಹಕರಿರುವ ಕಡೆ ಗಂಟೆಗಳು ಸೋರುವುದು ರಾತ್ರಿ ಕಾಲ್‌ಗಳಲ್ಲಿ. ಸ್ಯಾನ್ ಫ್ರಾನ್ಸಿಸ್ಕೊದ ಬೆಳಗ್ಗೆ ಒಂಬತ್ತು ಎಂದರೆ ಬೇಸಿಗೆಯಲ್ಲಿ ನಮ್ಮ ರಾತ್ರಿ ಒಂಬತ್ತೂವರೆ. ನವೆಂಬರಿನ ಮೊದಲ ಭಾನುವಾರ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ಅದೇ ಮೀಟಿಂಗ್ ಹತ್ತೂವರೆಗೆ ಜಾರುತ್ತದೆ. ಮಾರ್ಚ್ ತನಕ ನಾಲ್ಕು ತಿಂಗಳು ಎಲ್ಲರೂ ಒಂದು ಗಂಟೆ ತಡವಾಗಿ ಮಲಗುತ್ತಾರೆ. ಬೆಳಗಿನ ಹತ್ತರ ಸ್ಟ್ಯಾಂಡಪ್, ಅಂದರೆ ದಿನದ ಕೆಲಸ ಹೇಳಿಕೊಳ್ಳುವ ಸಣ್ಣ ಮೀಟಿಂಗ್, ಮಾತ್ರ ಹತ್ತಕ್ಕೇ ಇರುತ್ತದೆ! ಹಾಗಾಗಿ ಒಂದು ನಿಯಮ ಬರೆದಿಡಿ: ರಾತ್ರಿ ಹತ್ತರ ನಂತರ ಕಾಲ್‌ನಲ್ಲಿದ್ದವರು ಕಾಲ್ ಮುಗಿದ ಮೇಲೆ ಹನ್ನೊಂದು ಗಂಟೆ ಕಳೆಯುವವರೆಗೆ ಲಾಗಿನ್ ಆಗುವಂತಿಲ್ಲ. ಅನುಮತಿ ಕೇಳುವ ಅಗತ್ಯವೂ ಇಲ್ಲ.

ರಾತ್ರಿ ಸರ್ವರ್ ಕೆಟ್ಟು ನಿಂತರೆ ಎದ್ದು ಸರಿಪಡಿಸುವ ಪಾಳಿಗೆ ಕನಿಷ್ಠ ನಾಲ್ಕು ಜನ ಬೇಕು. ಇಬ್ಬರೇ ಹಂಚಿಕೊಂಡರೆ ತಿಂಗಳಲ್ಲಿ ಹದಿನೈದು ರಾತ್ರಿ ಫೋನ್ ದಿಂಬಿನ ಪಕ್ಕ. ಫೋನ್ ಹೊಡೆಯದಿದ್ದರೂ ಆ ನಿದ್ದೆ ನಿದ್ದೆಯಲ್ಲ. ನಾಲ್ವರಿಲ್ಲದ ಕಂಪನಿ ಗ್ರಾಹಕರಿಗೆ ಇಪ್ಪತ್ನಾಲ್ಕು ಗಂಟೆಯ ಸೇವೆ ಎಂದು ಸಹಿ ಹಾಕಬಾರದು. ವಾರಕ್ಕೆ ಎರಡಕ್ಕಿಂತ ಹೆಚ್ಚು ರಾತ್ರಿ ಯಾರನ್ನಾದರೂ ಎಬ್ಬಿಸಿದ್ದರೆ ಮುಂದಿನ ವಾರ ಹೊಸ ಫೀಚರ್ ನಿಲ್ಲಿಸಿ, ಎಬ್ಬಿಸುತ್ತಿರುವ ದೋಷವನ್ನೇ ಮೊದಲು ಸರಿಪಡಿಸಿ.

ಚಿಕ್ಕಮಗಳೂರು, ಸಕಲೇಶಪುರದ ಕಡೆ ಮನೆಯಿಂದ ಕೆಲಸ ಮಾಡುವವರಿಗೆ ಮಳೆಗಾಲ ಬೇರೆಯೇ ಲೆಕ್ಕ. ಜೂನ್‌ನಿಂದ ಆಗಸ್ಟ್ ತನಕ ಮರ ಬಿದ್ದು ಕರೆಂಟ್ ಹೋಗುತ್ತದೆ, ಅದರ ಹಿಂದೆಯೇ ನೆಟ್‌ವರ್ಕು. ಹಗಲಿನ ನಾಲ್ಕು ಗಂಟೆ ಕಳೆದುಹೋದ ಅಪರಾಧಿ ಭಾವದಲ್ಲಿ ರಾತ್ರಿ ಒಂದರ ತನಕ ಕೂರುತ್ತಾರೆ. ರೌಟರಿಗೆಂದೇ ಸಿಗುವ 12 ವೋಲ್ಟಿನ ಪುಟ್ಟ ಯುಪಿಎಸ್ ಮೂರ್ನಾಲ್ಕು ಗಂಟೆ ಎಳೆಯುತ್ತದೆ. ಕೇಬಲ್‌ನವರ ಬೀದಿ ಪೆಟ್ಟಿಗೆಗೇ ಕರೆಂಟ್ ಇಲ್ಲದಿದ್ದರೆ ಅದೂ ವ್ಯರ್ಥ, ಆದ್ದರಿಂದ ಬೇರೆ ಕಂಪನಿಯ ಸಿಮ್ ಒಂದು ಜೊತೆಗಿರಲಿ. ಎರಡರ ಖರ್ಚೂ ಕಂಪನಿಯದು. ಇದನ್ನು ಮಾನಸಿಕ ಆರೋಗ್ಯದ ಬಾಬ್ತಿನಲ್ಲೇ ಬರೆಯಿರಿ. ಪೋಸ್ಟರಿಗಿಂತ ಹೆಚ್ಚು ಫಲ ಕೊಡುತ್ತದೆ. ‘ನೆಟ್ ಹೋದ ಗಂಟೆಗಳನ್ನು ರಾತ್ರಿ ತುಂಬಿಕೊಡಬೇಕಿಲ್ಲ’ ಎಂದು ಮಳೆ ಶುರುವಾಗುವ ಮುಂಚೆಯೇ ಬಾಯಿಬಿಟ್ಟು ಹೇಳಿ.

ಸಣ್ಣ ಊರಿನ ನಿಜವಾದ ತೊಡಕು ಗುಟ್ಟು ಉಳಿಯದಿರುವುದು. ಕಂಪನಿ ಕಟ್ಟಿದವನೂ ಕೆಲಸಕ್ಕೆ ಸೇರಿದವನೂ ಒಂದೇ ಕಾಲೇಜು. ಒಬ್ಬನ ಚಿಕ್ಕಮ್ಮ ಇನ್ನೊಬ್ಬನ ಪಕ್ಕದ ಮನೆ. ಮಾಲೀಕನನ್ನು ‘ಅಣ್ಣ’ ಎಂದು ಕರೆಯುವುದು ಕೇಳಲು ಚೆಂದ, ಆದರೆ ‘ಸರ್’ಗೆ ‘ಆಗಲ್ಲ’ ಎನ್ನುವುದಕ್ಕಿಂತ ಅಣ್ಣನಿಗೆ ಹೇಳುವುದು ಕಷ್ಟ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಗೋಪ್ಯತೆಯ ಹಕ್ಕು ಕೊಟ್ಟು, ಅದನ್ನು ಕಾಯುವ ಕರ್ತವ್ಯವನ್ನು ಚಿಕಿತ್ಸೆ ನೀಡುವವರ ಮೇಲೆ ಹೊರಿಸಿದೆ. ಚಹಾದಂಗಡಿಯ ಮಾತಿಗೆ ಅದು ಬೀಗ ಹಾಕುವುದಿಲ್ಲ. ಆ ಬೀಗವನ್ನು ಕಚೇರಿಯೇ ಮಾಡಿಕೊಳ್ಳಬೇಕು. ವಿಷಯ ತಿಳಿದಿರಬೇಕಾದವರು ಒಬ್ಬರೇ, ಅವರು ಯಾರೆಂಬುದನ್ನು ಸಂಬಂಧಪಟ್ಟವರೇ ಆರಿಸಲಿ.

ವೈದ್ಯರ ಸರ್ಟಿಫಿಕೇಟಿನ ತಲೆಯ ಮೇಲೆ ‘ಮನೋವೈದ್ಯಶಾಸ್ತ್ರ ವಿಭಾಗ’ ಎಂದಿರುತ್ತದೆ. ಅದು ಅಕೌಂಟ್ಸ್ ಮೇಜಿಗೆ ಬಂದರೆ ಸಂಜೆಯೊಳಗೆ ಸುದ್ದಿ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ರಜೆಯನ್ನು ಅನಾರೋಗ್ಯಕ್ಕಷ್ಟೇ ಅಲ್ಲ, ಇತರ ಸಮಂಜಸ ಕಾರಣಕ್ಕೂ ಕೊಡುತ್ತದೆ. ಎರಡು ದಿನದವರೆಗೆ ಕಾಗದವನ್ನೇ ಕೇಳಬೇಡಿ. ಅದಕ್ಕಿಂತ ಹೆಚ್ಚಾದರೆ ತಾರೀಖುಗಳಿರುವ ಸರಳ ಪತ್ರ ಸಾಕು.

ನೆರವಿಗೆ ಎಲ್ಲಿಗೆ? ಯಾರ ಕಣ್ಣಿಗೂ ಬೀಳದ ಮೊದಲ ಬಾಗಿಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಉಚಿತ, ಇಪ್ಪತ್ನಾಲ್ಕು ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಮನೋವೈದ್ಯ ವಿಭಾಗವಿದೆ. ಊರಲ್ಲಿ ಬೇಡ ಎನ್ನುವವರಿಗೆ ವಿಡಿಯೊ ಸಮಾಲೋಚನೆ ಇದೆ, ಆದರೆ ಮನೆಯಲ್ಲಿ ಮಾತಾಡಲು ಕೋಣೆ ಇರುವುದಿಲ್ಲ. ಕಚೇರಿಯ ಒಂದು ಕೋಣೆಯನ್ನು ಕಾರಣ ಬರೆಯದೆ ಒಂದು ಗಂಟೆ ಕಾದಿರಿಸುವ ವ್ಯವಸ್ಥೆ ಇರಲಿ. ವಿಮೆಯ ವಿಷಯ: ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಕಲಂ ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಇರಬೇಕು ಎನ್ನುತ್ತದೆ. ಸಾಮಾನ್ಯ ಗುಂಪು ವಿಮೆ ಆಸ್ಪತ್ರೆಗೆ ದಾಖಲಾದರಷ್ಟೇ ದುಡ್ಡು ಕೊಡುವುದರಿಂದ ಕೌನ್ಸೆಲಿಂಗ್ ಶುಲ್ಕ ಕೈಯಿಂದಲೇ ಹೋಗುತ್ತದೆ. ಪಾಲಿಸಿ ನವೀಕರಿಸುವಾಗ ಹೊರರೋಗಿ ಸೌಲಭ್ಯ ಕೇಳಿ.

ಮಾತು ಹೇಗೆ ತೆಗೆಯುವುದು? ‘ನಿನಗೇನಾಗಿದೆ’ ಎಂದರೆ ‘ಏನಿಲ್ಲ ಅಣ್ಣ’ ಎಂದೇ ಉತ್ತರ. ಕಂಡದ್ದನ್ನು ಹೇಳಿ: ‘ಮೂರು ವಾರದಿಂದ ಊಟಕ್ಕೆ ಬರ್ತಿಲ್ಲ, ರಾತ್ರಿ ಎರಡಕ್ಕೆ ಮೆಸೇಜ್ ಬರ್ತಿದೆ. ನಿದ್ದೆ ಹೇಗಿದೆ?’ ಆಮೇಲೆ ಸುಮ್ಮನಿದ್ದು ಉತ್ತರಕ್ಕೆ ಕಾಯಿರಿ. ‘ಮದುವೆ ಆದ್ರೆ ಸರಿಹೋಗುತ್ತೆ’, ‘ಮನೇಲಿ ತೋಟ ಇದೆಯಲ್ಲ, ನಿನಗೇನು ಚಿಂತೆ’ ಎಂಬಂಥ ಮಾತು ಬಾಗಿಲು ಮುಚ್ಚಿಬಿಡುತ್ತದೆ. ಬದುಕಿನ ಮೇಲೆ ಬೇಸರದ ಮಾತು ಬಂದರೆ ‘ಸಾಯುವ ಯೋಚನೆ ಬರುತ್ತಾ?’ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ‘ಹೌದು’ ಎಂದರೆ ಒಬ್ಬರನ್ನೇ ಬಿಡಬೇಡಿ, ಅವರ ಎದುರೇ 14416ಕ್ಕೆ ಕರೆ ಮಾಡಿ, ತಕ್ಷಣದ ಅಪಾಯವಿದ್ದರೆ ತುರ್ತು ಸಂಖ್ಯೆ 112ಕ್ಕೆ. ಇಲ್ಲಿ ಗುಟ್ಟಿನ ನಿಯಮ ಸಡಿಲ. ಮನೆಯವರಿಗೆ ತಿಳಿಸಿ, ತೋಟಕ್ಕೆ ಹೊಡೆಯುವ ಔಷಧಿಯನ್ನು ಬೀಗದೊಳಗಿಟ್ಟು ಕೀಲಿಯನ್ನು ಬೇರೆಯವರ ಕೈಗೆ ಕೊಡಲು ಹೇಳಿ.

ಚಿಕಿತ್ಸೆ ಶುರುವಾದವರು ವಾರದಲ್ಲೇ ಮೊದಲಿನಂತಾಗುತ್ತಾರೆ ಎಂದು ಕಾಯಬೇಡಿ. ಖಿನ್ನತೆಯ ಮಾತ್ರೆಗಳು ಪೂರ್ತಿ ಹಿಡಿಯಲು ನಾಲ್ಕರಿಂದ ಆರು ವಾರ ಬೇಕು. ಮೊದಲ ದಿನಗಳಲ್ಲಿ ವಾಕರಿಕೆ, ಮಂಪರು ಇರಬಹುದು. ಸ್ವಲ್ಪ ಆರಾಮವಾಯಿತೆಂದು ವೈದ್ಯರನ್ನು ಕೇಳದೆ ಬಿಟ್ಟವರು ಮತ್ತೆ ಕುಸಿಯುವುದು ಸಾಮಾನ್ಯ. ಮರಳಿ ಬಂದ ಮೊದಲ ವಾರ ದಿನಕ್ಕೆ ನಾಲ್ಕು ಗಂಟೆ, ಎರಡನೇ ವಾರ ಆರು. ಕೆಲಸ ಹೇಳುವವರು ಒಬ್ಬರೇ ಇರಲಿ, ಅದೂ ಬರಹದಲ್ಲಿ. ಉಳಿದವರಿಗೆ ‘ರಜೆ ಮುಗಿಸಿ ಬಂದಿದ್ದಾರೆ’ ಎಂದಷ್ಟೇ. ರಾತ್ರಿ ಪಾಳಿಯ ಪಟ್ಟಿಯಲ್ಲಿ ನಾಲ್ಕು ವಾರ ಅವರ ಹೆಸರು ಬೇಡ. ಐದನೇ ವಾರ ಸೇರಿಸುವ ಮುಂಚೆ ಅವರನ್ನೇ ಒಂದು ಮಾತು ಕೇಳಿ.